ಗಿರಕಿ ಹೊಡೆಯಲು ಹತ್ತೊಂಬತ್ತು ವರ್ಷ

ವಾಯುಪಡೆ ಸೇರುವ ಹುಡುಗರಿಗೆ ಹಾರಾಟ ಕಲಿಸಲೆಂದು ಬೆಂಗಳೂರಿನ ಎಚ್‌ಎಎಲ್ ಒಂದು ಜೆಟ್ ತಯಾರಿಸಲು ಹೊರಟಿತು. ಎಚ್‌ಜೆಟಿ-36, ಕರೆಯುವ ಹೆಸರು ಸಿತಾರಾ. 1999ರಲ್ಲಿ ಸರ್ಕಾರದ ಒಪ್ಪಿಗೆ, 2003ರ ಮಾರ್ಚ್‌ನಲ್ಲಿ ಮೊದಲ ಹಾರಾಟ. ನಾಲ್ಕೇ ವರ್ಷದಲ್ಲಿ ಜೆಟ್ ಹಾರಿಸಿದ್ದು ನಿಜಕ್ಕೂ ಸಾಧನೆ. ತಮಾಷೆ ಶುರುವಾಗುವುದು ಆಮೇಲೆ.

ಹೊಸ ಪೈಲಟ್ ಕಲಿಯಲೇಬೇಕಾದ ಪಾಠಗಳಲ್ಲಿ ಸ್ಪಿನ್ ಒಂದು. ರೆಕ್ಕೆ ತನ್ನ ಎತ್ತುವ ಬಲ ಕಳೆದುಕೊಂಡಾಗ ವಿಮಾನ ಗಿರಗಿರನೆ ಸುತ್ತುತ್ತಾ ಬೀಳತೊಡಗುತ್ತದೆ. ಅದರಿಂದ ಪಾರಾಗುವ ಬಗೆಯನ್ನು ಹಿಂದಿನ ಸೀಟಿನಲ್ಲಿ ಗುರುವಿರುವಾಗಲೇ ಕಲಿತುಬಿಡಬೇಕು. ಸಿತಾರಾ ನಪಾಸಾದದ್ದು ಸರಿಯಾಗಿ ಈ ವಿಷಯದಲ್ಲೇ! ಈಜು ಬಾರದವರನ್ನು ಈಜು ಮೇಷ್ಟರನ್ನಾಗಿ ನೇಮಿಸಿ, ಅವರು ಕಲಿಯುವವರೆಗೆ ಮಕ್ಕಳನ್ನು ದಡದಲ್ಲಿ ಕೂರಿಸಿದಂತಾಯಿತು.

ಬಾಲದ ರೆಕ್ಕೆಯನ್ನು ಹಿಂದಕ್ಕೆ ಸರಿಸಿದರು, ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ, ಅಂದರೆ ರಡ್ಡರ್ ಹಿಗ್ಗಿಸಿದರು. ತಿದ್ದಿದ ವಿಮಾನ 2019ರಲ್ಲಿ ಮತ್ತೆ ಹಾರಿತು. ಎಡಕ್ಕೂ ಬಲಕ್ಕೂ ಆರಾರು ಸುತ್ತು ಗಿರಕಿ ಹೊಡೆದು ಸಾವರಿಸಿಕೊಂಡಿತೆಂಬ ಶುಭವಾರ್ತೆ ಬಂದದ್ದು 2022ರ ಜನವರಿಯಲ್ಲಿ. ಮೊದಲು ಹಾರಿದ ದಿನ ಹುಟ್ಟಿದ ಕೂಸು ಅಷ್ಟರಲ್ಲಿ ಸೇನಾಧಿಕಾರಿಗಳನ್ನು ತಯಾರಿಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಸೇರುವ ವಯಸ್ಸಿಗೆ ಬಂದಿತ್ತು. ಶಿಷ್ಯ ಸಿದ್ಧ, ಗುರು ಇನ್ನೂ ಪರೀಕ್ಷಾ ಕೊಠಡಿಯಲ್ಲಿ.

ಇದು ಸಿತಾರಾ ಒಂದರ ಜಾತಕವಲ್ಲ. ಯುದ್ಧವಿಮಾನಕ್ಕೆ ಏರುವ ಮುನ್ನ ಒಳ್ಳೆಯ ತರಬೇತಿ ಜೆಟ್ ಬೇಕೆಂದು ಸಮಿತಿಯೊಂದು ಹೇಳಿದ್ದು 1982ರಲ್ಲಿ. ಬ್ರಿಟನ್ನಿನ ಹಾಕ್ ಕೊಳ್ಳಲು ಸಹಿ ಬಿದ್ದದ್ದು 2004ರಲ್ಲಿ. ನಮ್ಮಲ್ಲಿ ಸಮಿತಿಯ ವರದಿ ಮೇಲೇರಲು 22 ವರ್ಷ ಉದ್ದದ ರನ್‌ವೇ ಬೇಕು. ಹಾಕ್ ಬೀದರ್‌ನಲ್ಲಿ ಸೇವೆಗೆ ಸೇರಿದ್ದು 2008ರಲ್ಲಿ.

ಇಷ್ಟು ದಿನ ಪಾಠ ಮಾಡಿದವರು ಯಾರು? 1964ರಲ್ಲಿ ಮೊದಲು ಹಾರಿದ ಹಳೆಯ ತರಬೇತಿ ಜೆಟ್ ಕಿರಣ್. ಇಬ್ಬರು ಪೈಲಟ್‌ಗಳ ಸಾವಿನ ಬಳಿಕ, 2009ರಲ್ಲಿ ಮೊದಲ ಪಾಠ ಹೇಳುತ್ತಿದ್ದ ಎಚ್‌ಪಿಟಿ-32 ವಿಮಾನಗಳನ್ನು ನೆಲಕ್ಕಿಳಿಸಿದಾಗ, ಅ ಆ ಇ ಈ ತಿದ್ದಿಸುವ ಕೆಲಸವೂ ಕಿರಣ್‌ನ ಹೆಗಲಿಗೇ ಬಿತ್ತು. ಸ್ವಿಟ್ಜರ್ಲೆಂಡಿನ ಪಿಲಾಟಸ್ 2013ರಲ್ಲಿ ಬರುವವರೆಗೆ ಅದೇ ಒಂದನೇ ತರಗತಿ, ಅದೇ ಹೈಸ್ಕೂಲು.

2025ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಸಿತಾರಾಗೆ ನಾಮಕರಣ ಮಹೋತ್ಸವ. ಇನ್ನು ಮುಂದೆ ಅದು ‘ಯಶಸ್’. ಹೆಸರು ತಿದ್ದಿದರೆ ಗ್ರಹಗತಿ ತಿರುಗುತ್ತದೆನ್ನುವ ಸಂಖ್ಯಾಶಾಸ್ತ್ರಜ್ಞರು ಬೆಂಗಳೂರಿನ ಬಡಾವಣೆಗೊಬ್ಬರಿದ್ದಾರೆ. ಅವರ ಖ್ಯಾತಿ ವಿಮಾನ ಕಾರ್ಖಾನೆಯವರೆಗೂ ಹಬ್ಬಿತೇ ಎಂದು ನನಗೆ ಅನುಮಾನ. ಹೊಸ ಕಾಕ್‌ಪಿಟ್, ಹೊಸ ಹೆಸರು, ಚಪ್ಪಾಳೆ, ಫೋಟೊ. ಕಿರಣ್‌ಗೆ ಹೆಸರು ಬದಲಿಸಲು ಮಾತ್ರ ಯಾರೂ ಹೋಗಲಿಲ್ಲ. ಅದಕ್ಕೆ ಪಾಠವಿತ್ತು.