ಮೂವತ್ಮೂರಕ್ಕೇ ಮೋಕ್ಷ

ಎಸ್ಸೆಸ್ಸೆಲ್ಸಿ ಪಾಸಾಗೋಕೆ ಇನ್ನು ಮೇಲೆ 35 ಬೇಡ, 33 ಸಾಕು. 625ಕ್ಕೆ 206 ಬಂದರೆ ಆಯ್ತು. ಒಂದೊಂದು ವಿಷಯದಲ್ಲಿ ಶೇ. 30 ಇದ್ದರೂ ನಡೆಯುತ್ತದೆ. ಶಿಕ್ಷಣ ಸುಧಾರಣೆಗೆ ಇಷ್ಟು ಅಗ್ಗದ ದಾರಿ ಇದ್ದದ್ದು ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ! ಕೊಠಡಿ ಕಟ್ಟಬೇಕಿಲ್ಲ, ಮೇಷ್ಟ್ರನ್ನು ನೇಮಿಸಬೇಕಿಲ್ಲ.

ಸುಮ್ನೆ ನಗಬೇಡಿ, ಇದರ ಹಿಂದೆ ಅನುಭವ ಇದೆ. 2023ರಲ್ಲಿ ನಮ್ಮ ಮಕ್ಕಳು ಎಷ್ಟು ಜಾಣರಿದ್ದರು ಅಂದರೆ ಶೇ. 83.89 ಪಾಸು. 2024ರಲ್ಲಿ ವೆಬ್‌ಕಾಸ್ಟಿಂಗ್ ಅಂತ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು ನೋಡಿ, ಶೇ. 20ರಷ್ಟು ಕೃಪಾಂಕ ಸುರಿದರೂ ಫಲಿತಾಂಶ 73.40ಕ್ಕೆ ನಿಂತಿತು. ತಪ್ಪು ಕ್ಯಾಮೆರಾದ್ದೇ ಇರಬೇಕು. ಮುಖ್ಯಮಂತ್ರಿಗಳು ಗರಂ ಆದರು, ಕೃಪಾಂಕ ಹೋಯಿತು. ಈಗ ಅದೇ ಕೃಪೆ ಹೆಸರು ಬದಲಿಸಿಕೊಂಡು ಕಾಯಂ ನೌಕರಿಗೆ ಸೇರಿದೆ.

ಹಾಗಾದರೆ ಮೇಷ್ಟ್ರು ಏನು ಮಾಡ್ತಿದ್ದಾರೆ ಅಂತೀರಾ? ಮೊಟ್ಟೆ ಲೆಕ್ಕ. ಮಕ್ಕಳಿಗೆ ಮೊಟ್ಟೆ ಸಿಗಲಿ, ಇನ್ನೂ ಎರಡು ಜಾಸ್ತಿ ಸಿಗಲಿ. ಆದರೆ ಒಂದು ಮೊಟ್ಟೆಗೆ ಸರ್ಕಾರ ಕೊಟ್ಟ 6 ರೂಪಾಯಿಯಲ್ಲೇ ಕೊಳ್ಳುವುದು, ಬೇಯಿಸುವುದು, ಸಿಪ್ಪೆ ಸುಲಿಯುವುದು ಎಲ್ಲ ಮುಗಿಯಬೇಕು. ಸುಲಿಯುವುದಕ್ಕೆ 30 ಪೈಸೆ! ಯಾವ ಅಧಿಕಾರಿ ಮೊಟ್ಟೆ ಸುಲಿಯುತ್ತಾ ಕೂತು ಈ ದರ ಕಂಡುಹಿಡಿದರೋ, ಅವರನ್ನು ಪಠ್ಯಪುಸ್ತಕ ಸಮಿತಿಗೆ ಹಾಕಬೇಕು. ಅಂಗಡಿಯಲ್ಲಿ ರೇಟು ಏರಿದ ದಿನ ಮಿಕ್ಕಿದ್ದು ಹೆಡ್‌ಮೇಷ್ಟ್ರ ಜೇಬಿನಿಂದ. ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಬೇರೆ ಬೇರೆ ಬರೆದಿಡಬೇಕು. ಹೊತ್ತು ಉಳಿದರೆ ಭಿನ್ನರಾಶಿ.

ಉಳಿಯಲ್ಲ ಬಿಡಿ. 2025ರ ದಸರಾಕ್ಕೆ ಇದೇ ಮೇಷ್ಟ್ರು, ಮೇಡಮ್ಮುಗಳನ್ನು ಜಾತಿ ಸಮೀಕ್ಷೆಗೆ ಕಳಿಸಿದರು. ಬಾಗಿಲಲ್ಲಿ ಸ್ಟಿಕ್ಕರ್ ಹುಡುಕಬೇಕು, ನಾಯಿ ತಪ್ಪಿಸಿಕೊಳ್ಳಬೇಕು, ತೆರೆಯದ ಆ್ಯಪ್ ಹಿಡಿದು ನೆಟ್‌ವರ್ಕ್‌ಗಾಗಿ ಮಹಡಿ ಹತ್ತಬೇಕು. ಕೆಲಸ ಮುಗಿಯಲಿಲ್ಲ. ಮಕ್ಕಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯೋರನ್ನು ಊರೂರು ಸುತ್ತೋಕೆ ಕಳಿಸಿ, ನೆಲ ಎರಡಿಂಚು ತಗ್ಗಿಸಿದ್ದಾರೆ.

2025ರ ಫಲಿತಾಂಶದಲ್ಲಿ ದಕ್ಷಿಣ ಕನ್ನಡ 91.12, ಕಲಬುರಗಿ 42.43. ಪುಸ್ತಕ ಅದೇ, ಪ್ರಶ್ನೆಪತ್ರಿಕೆ ಅದೇ. ಈ ಅಂತರ ಎರಡು ಅಂಕದಿಂದ ಮುಚ್ಚುತ್ತಾ ಸ್ವಾಮಿ? ಆ ಕಡೆಯ ಮಕ್ಕಳು ದಡ್ಡರಲ್ಲ. ಅವರಿಗೆ ಗಣಿತ, ಇಂಗ್ಲಿಷ್ ಹೇಳಿಕೊಡಬೇಕಾದ ಕುರ್ಚಿ ಖಾಲಿ ಇದೆ. ಇದು ಎಲ್ಲರಿಗೂ ಗೊತ್ತು, ಎಲ್ಲ ಸರ್ಕಾರಗಳಿಗೂ ಗೊತ್ತಿತ್ತು. ಕೇಳಿದರೆ ಅತಿಥಿ ಶಿಕ್ಷಕರಿದ್ದಾರೆ ಅಂತಾರೆ. ಅವರು ಬರುವಷ್ಟರಲ್ಲಿ ಎಷ್ಟೋ ಪಾಠ ಹೋಗಿರುತ್ತದೆ, ಅವರ ಗೌರವಧನ ಬರುವಷ್ಟರಲ್ಲಿ ಅವರೇ ಹೋಗಿರುತ್ತಾರೆ.