ಚಿಕ್ಕಮ್ಮನ ಕೈಯ ಸೂಜಿ

ಈ ಸಲ ಹುತ್ತರಿಗೆ ಊರಿಗೆ ಬರುವಾಗ ಚಿಕ್ಕಮ್ಮನಿಗೆ ಅಂತ ಪಟಿಯಾಲದಿಂದ ಖದ್ದರ್ ಬಟ್ಟೆ, ನಾಲ್ಕು ಬಣ್ಣದ ರೇಷ್ಮೆ ದಾರ ತಂದಿದ್ದೆ. ಸೋಮವಾರಪೇಟೆ ಹತ್ತಿರ ನಮ್ಮ ಮನೆ. ಬೆಳಗ್ಗೆ ಒಂಬತ್ತಾದರೂ ಮಂಜು ಸರಿದಿರಲಿಲ್ಲ. ಚಿಕ್ಕಮ್ಮ ಜಗಲಿಯಲ್ಲಿ ಕೂತು ಸೂಜಿಗೆ ದಾರ ಪೋಣಿಸಲು ನೋಡಿದರು. ಎರಡು ಸಲ ತಪ್ಪಿತು. ಮೂರನೇ ಸಲಕ್ಕೆ ಸೊಸೆ ಬಂದು ಸೂಜಿಯನ್ನು ಕೈಯಿಂದ ತೆಗೆದುಕೊಂಡೇ ಬಿಟ್ಟಳು. "ಬಿಡಿ ಅತ್ತೆ, ಈ ವಯಸ್ಸಲ್ಲಿ ಯಾಕೆ ಕಣ್ಣು ಹಾಳು ಮಾಡ್ಕೋತೀರಾ? ಸುಮ್ನೆ ಆರಾಮಾಗಿರಿ." ಪ್ರೀತಿಯಿಂದಲೇ ಹೇಳಿದ್ದು. ಆದರೂ ನನಗೆ ಕರುಳು ಚುರ್ ಅಂತು.

ನನಗೆ ಸೂಜಿ ಹಿಡಿಯಲು ಕಲಿಸಿದ್ದೇ ಚಿಕ್ಕಮ್ಮ. ದಿಂಬಿನ ಕವರಿನ ಮೇಲೆ ಗುಡ್ ನೈಟ್, ಬಾಗಿಲಿಗೆ ಸುಸ್ವಾಗತ, ರೇಡಿಯೋ ಮೇಲೆ ಹೊದಿಸುವ ಬಟ್ಟೆಯ ತುಂಬ ಲೇಜಿ ಡೇಜಿ ಹೂವು. ಹಿಂಬದಿಯಲ್ಲಿ ಗಂಟು ಕಂಡರೆ ಸಾಕು, ಪೂರ್ತಿ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ಈಗ ಅವರಿಗೆ 72.

ನಾನು ಪಟಿಯಾಲ ಸೇರಿ 19 ವರ್ಷ ಆಯಿತು. ಅಲ್ಲಿ ಚಳಿಗಾಲ ಬಂತು ಅಂದರೆ ವಯಸ್ಸಾದವರ ಕೈಗೆ ಕೆಲಸ ಬಂತು ಅಂತಲೇ ಅರ್ಥ. ಪಕ್ಕದ ಮನೆಯ ಅಜ್ಜಿಗೆ 80 ದಾಟಿದೆ. ಇಡೀ ಬೀದಿಗೆ ಅವರು ಬೀಜಿ. ಹನ್ನೊಂದರ ಬಿಸಿಲಿಗೆ ತಾರಸಿ ಮೇಲೆ ಮಂಚ ಹಾಕಿಸಿಕೊಂಡು ಪಂಜಾಬಿನ ದಾರದ ಕಸೂತಿ ಫುಲ್ಕಾರಿ ಹಿಡಿದು ಕೂರುತ್ತಾರೆ. ಫುಲ್ಕಾರಿಯನ್ನು ಬಟ್ಟೆಯ ಹಿಂಬದಿಯಿಂದ ಹಾಕುತ್ತಾರೆ. ಧಾರವಾಡದ ಕಸೂತಿಯ ಹಾಗೆ ಇಲ್ಲೂ ಎಳೆ ಎಣಿಸಿಕೊಂಡೇ ಹೋಗಬೇಕು. ಬೀಜಿ ಕಣ್ಣಿಗಿಂತ ಬೆರಳನ್ನೇ ಜಾಸ್ತಿ ನಂಬುತ್ತಾರೆ. ಎಡಗೈ ಹೆಬ್ಬೆರಳಿನ ಉಗುರಿನಿಂದ ಎಳೆಗಳನ್ನು ಒಂದೊಂದಾಗಿ ಒತ್ತುತ್ತಾ, ತುಟಿಯಲ್ಲೇ ಎಣಿಸಿ, ಆಮೇಲೆ ಸೂಜಿ ಚುಚ್ಚುತ್ತಾರೆ. ದಾರ ಪೋಣಿಸುವುದು ಮಾತ್ರ ಮೊಮ್ಮಗ. ಶಾಲೆಗೆ ಹೋಗುವ ಮುಂಚೆ ಏಳೆಂಟು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಾನೆ. ಅಷ್ಟೇ. ಅಷ್ಟು ನಮ್ಮ ಮನೆಗಳಲ್ಲಿ ಯಾಕೆ ಆಗಲ್ಲ?

ಬಟ್ಟೆಯೇ ಕಾಣದಷ್ಟು ದಾರ ತುಂಬಿದ ಫುಲ್ಕಾರಿಗೆ ಬಾಗ್ ಅನ್ನುತ್ತಾರೆ. ಹಿಂದೆ ಮೊಮ್ಮಗ ಹುಟ್ಟಿದಾಗ ಅಜ್ಜಿ ಒಂದು ಬಾಗ್ ಶುರು ಮಾಡುವುದಿತ್ತು, ಮುಂದೆ ಅವನ ಹೆಂಡತಿಗೆ ಹೊದಿಸುವುದಕ್ಕೆ ಅಂತ. ಎಷ್ಟೋ ವರ್ಷ ಹಿಡಿಯುವ ಕೆಲಸವನ್ನು ಅಜ್ಜಿಯಾದ ಮೇಲೆ ಶುರು ಮಾಡುವುದು! ನಮ್ಮೂರಲ್ಲಿ ಅರವತ್ತು ದಾಟಿದವರಿಗೆ ಹೊಸ ಸೀರೆ ಕೊಟ್ಟರೂ "ಇನ್ನು ನನಗ್ಯಾಕೆ" ಅಂತಾರೆ. ಹಾಗೆ ಅನ್ನುವುದನ್ನು ನಾವೇ ಅವರಿಗೆ ಕಲಿಸಿದ್ದೇವೆ ಅಂತ ನನಗೆ ಅನಿಸುತ್ತದೆ. ನನಗೂ 51. ಚಾಳೀಸು ಬಂದು ವರ್ಷಗಳಾದವು. ನನ್ನ ಕೈಯಿಂದ ಯಾರಾದರೂ ಹೀಗೆ ಸೂಜಿ ತೆಗೆದುಕೊಂಡರೆ ನಾನು ಸುಮ್ಮನಿರಲಾರೆ.

ಸೊಸೆಯ ಕಡೆಯದನ್ನೂ ಹೇಳಬೇಕು. ಇಲ್ಲಿ ಚಳಿಗಾಲ ಅಂದರೆ ಕಾಫಿ ಕುಯ್ಲು. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ. ಬೆಳಗ್ಗೆ ಆರಕ್ಕೆ ಎದ್ದ ಹುಡುಗಿಗೆ ಕೂತು ದಾರ ಪೋಣಿಸಿಕೊಡಲು ಎಲ್ಲಿಯ ಪುರುಸೊತ್ತು? ಚಿಕ್ಕಮ್ಮ ನನಗೆ ಹೊಲಿಗೆ ಕಲಿಸಿದ್ದು ಕೂಡ ಚಳಿಗಾಲದಲ್ಲಲ್ಲ, ಅಂಗಳಕ್ಕೆ ಕಾಲಿಡಲಾಗದ ಆಷಾಢದ ಮಳೆಯಲ್ಲಿ. ಪಟಿಯಾಲದಲ್ಲೂ ಜನವರಿಯ ಮಂಜಿಗೆ ದಿನಗಟ್ಟಲೆ ಬಿಸಿಲೇ ಬೀಳುವುದಿಲ್ಲ, ಬೀಜಿಯ ಬಟ್ಟೆ ಪೆಟ್ಟಿಗೆ ಸೇರುತ್ತದೆ. ಚಿಕ್ಕಮ್ಮನೂ ಸುಮ್ಮನೆ ಕೂರುವವರಲ್ಲ. ಮಧ್ಯಾಹ್ನ ಕಣದ ಬದಿಯಲ್ಲಿ ಕೂತು, ನನ್ನ ಜೊತೆ ಮಾತಾಡುತ್ತಲೇ, ಹಣ್ಣಿನ ಮಧ್ಯೆ ಸೇರಿದ ಎಲೆ, ಕಡ್ಡಿ ಆರಿಸುತ್ತಿದ್ದರು. ಕೈ ಕಡೆ ಒಂದು ಸಲವೂ ನೋಡಲಿಲ್ಲ.

ಆ ರಾತ್ರಿ ಕನ್ನಡಕ ಹಾಕಿಕೊಂಡು ಆರು ಸೂಜಿಗೆ ದಾರ ಪೋಣಿಸಿ ಅವರ ದಿಂಬಿಗೆ ಚುಚ್ಚಿಟ್ಟೆ. ಹೊರಡುವ ದಿನ ಬೆಳಗ್ಗೆ ಖದ್ದರಿನ ಒಂದು ಮೂಲೆಯಲ್ಲಿ ಬೆರಳಷ್ಟು ಅಗಲಕ್ಕೆ ಹಳದಿ ತುಂಬಿತ್ತು. ನೋಡಲು ಎತ್ತಿಕೊಂಡೆ. ಚಿಕ್ಕಮ್ಮ ಗಬಕ್ಕನೆ ಕಿತ್ತುಕೊಂಡರು.

"ಹಿಂದೆ ತಿರುಗಿಸಬೇಡ್ವೇ, ಗಂಟಿದೆ. ಇವತ್ತು ಬಿಚ್ಚಿ ಮತ್ತೆ ಹಾಕ್ತೀನಿ."