ಗಣಿ ಇದ್ದರೆ ಸಾಲದು, ಬೇರ್ಪಡಿಸಲು ಬರಬೇಕು

2025ರ ಏಪ್ರಿಲ್‌ನಲ್ಲಿ ಚೀನಾ ರೇರ್ ಅರ್ತ್ ಎಂಬ ಗುಂಪಿನ ಏಳು ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಬಲವಾದ ಮ್ಯಾಗ್ನೆಟ್‌ಗಳಿಗೆ ಬೇಕಾದ ಡಿಸ್ಪ್ರೋಸಿಯಂ, ಟರ್ಬಿಯಂ ಎರಡೂ ಆ ಪಟ್ಟಿಯಲ್ಲಿದ್ದವು. ಕೆಲವೇ ವಾರಗಳಲ್ಲಿ ಮ್ಯಾಗ್ನೆಟ್ ಸಿಗದೆ ಹೊರದೇಶಗಳ ಕೆಲವು ಕಾರು ಕಾರ್ಖಾನೆಗಳು ತಯಾರಿಕೆ ನಿಲ್ಲಿಸಬೇಕಾಯಿತು. ಯುದ್ಧವಿಮಾನ, ಕ್ಷಿಪಣಿಗಳ ಮೋಟಾರುಗಳಿಗೂ ಇದೇ ಜಾತಿಯ ಮ್ಯಾಗ್ನೆಟ್ ಬೇಕು.

ಆಗಿನಿಂದ ಎಲ್ಲೆಡೆ ಹೊಸ ಗಣಿಗಳದ್ದೇ ಮಾತು. ನನ್ನ ಪ್ರಕಾರ ನೋಡಬೇಕಾದ ಜಾಗ ಅದಲ್ಲ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿಯಲ್ಲಿ ರೇರ್ ಅರ್ತ್ ಅದಿರಿಗೆ ಬರವಿಲ್ಲ. ಆದರೂ ವರ್ಷಗಟ್ಟಲೆ ಅಲ್ಲಿನ ಸರಕು ಸಂಸ್ಕರಣೆಗೆ ಚೀನಾಕ್ಕೇ ಹೋಗುತ್ತಿತ್ತು.

ಈ ಲೋಹಗಳು ಅದಿರಿನಲ್ಲಿ ಒಟ್ಟಿಗೇ ಬೆರೆತಿರುತ್ತವೆ, ಅವುಗಳ ರಾಸಾಯನಿಕ ಗುಣವೂ ಬಹುತೇಕ ಒಂದೇ; ಹಾಗಾಗಿ ಬೇರ್ಪಡಿಸುವುದೇ ಕಷ್ಟ. ಆಮ್ಲದಲ್ಲಿ ಕರಗಿಸಿದ ಅದಿರಿನ ದ್ರಾವಣವನ್ನು, ರಂಜಕವಿರುವ ಸಾವಯವ ಆಮ್ಲ ಬೆರೆಸಿದ ಸೀಮೆಎಣ್ಣೆಯ ಜೊತೆ ಕಲಕಿ ನಿಲ್ಲಲು ಬಿಡುತ್ತಾರೆ. ಎಣ್ಣೆ ಮೇಲೇರುತ್ತದೆ, ಅದರೊಂದಿಗೆ ಭಾರದ ಲೋಹ ತುಸು ಹೆಚ್ಚಾಗಿ ಸೇರುತ್ತದೆ. ಆ ವ್ಯತ್ಯಾಸ ತೀರಾ ಸಣ್ಣದು, ಹಾಗಾಗಿ ಇದೇ ಕೆಲಸ ನೂರಾರು ತೊಟ್ಟಿಗಳಲ್ಲಿ ಸಾಲಾಗಿ ನಡೆಯಬೇಕು. ಸಾಲು ಹದಕ್ಕೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ನಡುವೆ ಎಲ್ಲೋ ಆಮ್ಲೀಯತೆ ತಪ್ಪಿದರೆ ಬೇರ್ಪಟ್ಟದ್ದು ಮತ್ತೆ ಬೆರೆಯುತ್ತದೆ. ಎಣ್ಣೆ-ನೀರಿನ ನಡುವೆ ಗಸಿ ಕಟ್ಟಿಕೊಂಡರೆ ತೊಟ್ಟಿಯನ್ನೇ ನಿಲ್ಲಿಸಿ ತೊಳೆಯಬೇಕು. ಅದಿರಿನಲ್ಲಿ ಥೋರಿಯಂ ಇದ್ದರೆ ವಿಕಿರಣ ತ್ಯಾಜ್ಯದ ಹೊಣೆ ಬೇರೆ. ಇದನ್ನೆಲ್ಲ ಕೈಯಾರೆ ನಡೆಸಿ ಪಳಗಿದ ತಂತ್ರಜ್ಞರು ದುಡ್ಡು ಸುರಿದ ಮಾತ್ರಕ್ಕೆ ಹುಟ್ಟಿಕೊಳ್ಳುವುದಿಲ್ಲ.

ಮುಂದಿನದು ಮ್ಯಾಗ್ನೆಟ್. ನಿಯೋಡಿಮಿಯಂ (ಇದೂ ರೇರ್ ಅರ್ತ್ ಲೋಹವೇ), ಕಬ್ಬಿಣ, ಬೋರಾನ್ ಮಿಶ್ರಲೋಹವನ್ನು 3ರಿಂದ 5 ಮೈಕ್ರಾನ್ ಪುಡಿ ಮಾಡಿ, ಕಾಂತಕ್ಷೇತ್ರದಲ್ಲಿಟ್ಟು ಒತ್ತಿ, ಸುಮಾರು 1,050 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ಗಾಳಿ ತಾಗಿದರೆ ಪುಡಿ ಹೊತ್ತಿಕೊಳ್ಳುತ್ತದೆ. ಹೀಗೆ ತಯಾರಾದ ಮ್ಯಾಗ್ನೆಟ್ ಬಿಸಿಯಾದಂತೆ ಬಲ ಕಳೆದುಕೊಳ್ಳುತ್ತದೆ. 150 ಡಿಗ್ರಿಯಲ್ಲೂ ಗಟ್ಟಿಯಾಗಿ ನಿಲ್ಲಬೇಕಾದರೆ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಸೇರಿಸುವುದು ವಾಡಿಕೆ. ಹೊಸ ವಿಧಾನದಲ್ಲಿ ಇವನ್ನು ಮೇಲ್ಮೈಗೆ ಲೇಪಿಸಿ ಮತ್ತೆ ಕಾಯಿಸುತ್ತಾರೆ. ಲೋಹ ಹರಳುಗಳ ಅಂಚುಗಳಗುಂಟ ಒಳಗಿಳಿಯುತ್ತದೆ, ಬಳಕೆ ಬಹಳ ತಗ್ಗುತ್ತದೆ. ಸಂಶೋಧನೆಯ ಹಣ ಮೊದಲು ಇಲ್ಲಿಗೆ ಹೋಗಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಬೆಲೆ. 2010ರಲ್ಲಿ ಜಪಾನ್‌ಗೆ ಚೀನಾದ ಪೂರೈಕೆ ನಿಂತಾಗ ದರ ಗಗನಕ್ಕೇರಿತು, ಆಮೇಲೆ ಕುಸಿಯಿತು. ಮೌಂಟನ್ ಪಾಸ್ ನಡೆಸುತ್ತಿದ್ದ ಮೋಲಿಕಾರ್ಪ್ 2015ರಲ್ಲಿ ದಿವಾಳಿಯಾಯಿತು. ಆ ಪಾಠದಿಂದಲೇ ಇರಬೇಕು, 2025ರ ಜುಲೈನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಅದೇ ಗಣಿಯ ಈಗಿನ ಕಂಪನಿಗೆ ಕಿಲೋಗೆ 110 ಡಾಲರ್ ಕನಿಷ್ಠ ಬೆಲೆಯನ್ನು 10 ವರ್ಷಕ್ಕೆ ಖಾತರಿಪಡಿಸಿತು. ಒಳ್ಳೆಯ ನಿರ್ಧಾರ. ಆದರೆ ಆ ಬೆಲೆ ನಿಯೋಡಿಮಿಯಂ-ಪ್ರೇಸಿಯೋಡಿಮಿಯಂ ಎಂಬ ರೇರ್ ಅರ್ತ್ ಜೋಡಿಗೆ ನಿಗದಿಯಾದದ್ದು; ಅಂಥದ್ದೇ ಖಾತರಿ ಡಿಸ್ಪ್ರೋಸಿಯಂ, ಟರ್ಬಿಯಂಗೂ ಬೇಕು.